ಮಂಚದ ಪಕ್ಕ ಕಾಯ್ತಾ ಇರೋ ಪುಸ್ತಕಗಳನ್ನ ಓದಿ ಮುಗಿಸೋದು ಹೇಗೆ

ಪುಸ್ತಕ ತಗೊಳ್ಳೋದು ಹಗಲು ಹೊತ್ತಲ್ಲಿ. ಆಗ ತಲೆ ಚುರುಕಾಗಿರುತ್ತೆ, ಎಷ್ಟು ದಪ್ಪ ಇದ್ರೂ ಓದಿ ಮುಗಿಸ್ತೀನಿ ಅನ್ನೋ ಹುಮ್ಮಸ್ಸಿರುತ್ತೆ. ಅದೇ ಪುಸ್ತಕಾನ ಕೈಗೆತ್ತಿಕೊಳ್ಳೋದು ಮಾತ್ರ ರಾತ್ರಿ ಹತ್ತೂವರೆ ಮೇಲೆ, ಇಡೀ ದಿನದ ಕೆಲಸ ಮುಗಿಸಿ ಕಣ್ಣು ಎಳೀತಾ ಇರೋವಾಗ. ಹಗಲಿನ ಆಸೆಗೂ ರಾತ್ರಿಯ ಶಕ್ತಿಗೂ ತಾಳೆ ಆಗಲ್ಲ, ಹಾಗಾಗಿ ಪುಸ್ತಕ ಅಲ್ಲೇ ಉಳಿಯುತ್ತೆ, ಅದರ ಮೇಲೆ ಇನ್ನೊಂದು ಬರುತ್ತೆ, ಆಮೇಲೆ ಮತ್ತೊಂದು. ಎಷ್ಟೋ ಜನ ಇದನ್ನ ತಮ್ಮ ಸೋಮಾರಿತನ ಅಂದ್ಕೊಂಡು ಬೇಜಾರು ಮಾಡ್ಕೋತಾರೆ, ಆ ಬೇಜಾರಿಗೇ ಪುಸ್ತಕದ ಕಡೆ ನೋಡೋದನ್ನೂ ಬಿಡ್ತಾರೆ. ನನ್ನ ಪ್ರಕಾರ ಆ ಜಾಗಕ್ಕೆ ಹೊಂದದೇ ಇರೋ ಪುಸ್ತಕ ಆ ಜಾಗದಲ್ಲಿ ಕೂತಿರೋದೇ ಮುಕ್ಕಾಲು ಪಾಲು ಸಮಸ್ಯೆ, ಅದನ್ನ ಸರಿ ಮಾಡೋಕೆ ಒಂದು ರಜೆ ದಿನದ ಎರಡು ಗಂಟೆ ಸಾಕು.

ಮೊದಲು ಎಲ್ಲಾನೂ ಕೆಳಗಿಳಿಸಿ

ಟೇಬಲ್ ಮೇಲಿರೋ ಪುಸ್ತಕ ಒಂದನ್ನೂ ಬಿಡದೆ ತೆಗೆದು ಮಂಚದ ಮೇಲೆ ಹರಡಿ. ಕೆಳಗಡೆ ಡ್ರಾಯರ್‌ನಲ್ಲಿ, ನೆಲದ ಮೇಲೆ, ದಿಂಬಿನ ಹಿಂದೆ ಸೇರ್ಕೊಂಡಿರೋದನ್ನೂ ತನ್ನಿ. ಈ ಕೆಲಸ ಹಗಲಲ್ಲೇ ಮಾಡಿ, ರಾತ್ರಿ ಕೂತ್ರೆ ಎರಡು ಪುಸ್ತಕ ನೋಡೋಷ್ಟರಲ್ಲಿ ನಾಳೆ ಮಾಡೋಣ ಅನ್ಸುತ್ತೆ. ಒಣ ಬಟ್ಟೇಲಿ ಟೇಬಲ್ ಒರೆಸಿ, ಪುಸ್ತಕಗಳ ಮೇಲಿನ ಅಂಚನ್ನೂ ಒರೆಸಿ, ಧೂಳು ಜಾಸ್ತಿ ಕೂರೋದು ಅಲ್ಲೇ.

ಈಗ ಒಂದೊಂದನ್ನೇ ಕೈಗೆ ತಗೊಂಡು ಗುರುತು ಎಲ್ಲಿದೆ ನೋಡಿ. ಬುಕ್‌ಮಾರ್ಕ್ ಇರಬಹುದು, ಹಳೇ ಬಸ್ ಟಿಕೆಟ್ ಇರಬಹುದು, ಮೆಡಿಕಲ್ ಶಾಪ್ ಬಿಲ್ ಇರಬಹುದು, ಪುಟದ ಮೂಲೆ ಮಡಚಿರಬಹುದು. ಅದು ನಿಂತಿರೋ ಜಾಗ ತುಂಬಾ ವಿಷಯ ಹೇಳುತ್ತೆ. ಮುನ್ನುಡಿಯಲ್ಲೋ ಹದಿನೈದನೇ ಪುಟದಲ್ಲೋ ನಿಂತಿದ್ರೆ ಆ ಪುಸ್ತಕ ನಿಮ್ಮನ್ನ ಇನ್ನೂ ಒಳಗೆ ಕರ್ಕೊಂಡಿಲ್ಲ ಅಂತ ಅರ್ಥ, ಮುನ್ನುಡಿ ಬಿಟ್ಟು ನೇರ ಮೊದಲ ಅಧ್ಯಾಯಕ್ಕೆ ಹೋಗಿದ್ರೆ ಕಥೆ ಬೇರೆ ಆಗ್ತಿತ್ತೇನೋ. ಅರ್ಧಕ್ಕೆ ನಿಂತಿದ್ರೆ ಸಾಮಾನ್ಯವಾಗಿ ಪುಸ್ತಕದ ತಪ್ಪಿರಲ್ಲ, ಆ ವಾರ ಮನೇಲಿ ಯಾರಿಗೋ ಹುಷಾರಿರಲಿಲ್ಲ, ಇಲ್ಲಾ ಆಫೀಸಲ್ಲಿ ಕೆಲಸ ಹೆಚ್ಚಿತ್ತು, ಓದಿನ ಎಳೆ ತಪ್ಪಿಹೋಯ್ತು ಅಷ್ಟೇ. ಕೊನೇ ಮೂವತ್ತು ನಲವತ್ತು ಪುಟ ಬಾಕಿ ಇರೋದು ಸಿಕ್ರೆ ಪಕ್ಕಕ್ಕೆ ತೆಗೆದಿಡಿ, ಇವತ್ತು ಓದೋದು ಅದನ್ನೇ. ಗುರುತೇ ಇಲ್ದಿರೋದು ಇನ್ನೂ ಶುರುವಾಗದೇ ಇರೋದು, ಅದನ್ನ ಬೇರೆ ಗುಂಪು ಮಾಡಿ.

ಇನ್ನೊಬ್ಬರ ಪುಸ್ತಕ, ಲೈಬ್ರರಿ ಪುಸ್ತಕ ಏನಾದ್ರೂ ಇದ್ರೆ ಅದಕ್ಕೇ ಮೊದಲ ಸರದಿ. ಲೈಬ್ರರಿದಕ್ಕೆ ವಾಪಸ್ ಕೊಡೋ ತಾರೀಖು ಇದ್ದೇ ಇರುತ್ತೆ, ಸ್ನೇಹಿತರದಕ್ಕೆ ನೀವೇ ಒಂದು ತಾರೀಖು ಇಟ್ಕೊಳ್ಳಿ. ಅಷ್ಟರೊಳಗೆ ಓದಕ್ಕಾಗಲ್ಲ ಅನ್ಸಿದ್ರೆ ಓದದೇನೇ ವಾಪಸ್ ಕೊಡೋದು ಒಳ್ಳೇದು. ಕೊಟ್ಟವರಿಗೆ ತಮ್ಮ ಪುಸ್ತಕ ಎಲ್ಲಿ ಹೋಯ್ತೋ ಅನ್ನೋ ಯೋಚನೆ ಇದ್ದೇ ಇರುತ್ತೆ, ಬಾಯಿಬಿಟ್ಟು ಕೇಳೋಕೆ ಮಾತ್ರ ಸಂಕೋಚ.

ರಾತ್ರಿಗೆ ಯಾವುದು, ಹಗಲಿಗೆ ಯಾವುದು

ಎಲ್ಲಕ್ಕಿಂತ ಮುಖ್ಯವಾದ ಹಂತ ಇದು, ಇಲ್ಲಿ ಅವಸರ ಮಾಡ್ಬೇಡಿ. ಪ್ರತಿ ಪುಸ್ತಕಾನೂ ಮಧ್ಯದಲ್ಲಿ ಎಲ್ಲಾದ್ರೂ ತೆಗೆದು ಒಂದು ಪುಟ ಓದಿ, ಓದ್ತಾ ಓದ್ತಾ ಇದನ್ನ ದಣಿದಿರೋವಾಗ ಓದಬಲ್ಲೆನಾ ಅಂತ ಕೇಳ್ಕೊಳ್ಳಿ. ಚೆನ್ನಾಗಿದ್ಯಾ, ಮುಖ್ಯವಾದ್ದಾ, ಎಲ್ಲರೂ ಹೊಗಳ್ತಿದಾರಾ ಅನ್ನೋದೆಲ್ಲ ಈಗ ಬೇಡ.

ಪುಟದ ಅಡೀಲಿ ಟಿಪ್ಪಣಿ ತುಂಬಿರೋದು, ಪೆನ್ಸಿಲ್ ಹಿಡಿದು ಗೆರೆ ಎಳೀತಾ ಓದಬೇಕಾದ್ದು, ನಕ್ಷೆ ಕೋಷ್ಟಕ ಅಂತ ಹಿಂದೆ ಮುಂದೆ ತಿರುಗಿಸಬೇಕಾದ್ದು, ಕೆಲಸಕ್ಕೆ ಸಂಬಂಧಪಟ್ಟಿದ್ದು, ಇವಿಷ್ಟೂ ಹಗಲಿನ ಪುಸ್ತಕಗಳು. ಎಷ್ಟೇ ಒಳ್ಳೇ ಪುಸ್ತಕ ಆದ್ರೂ ಮಂಚದ ಪಕ್ಕ ಇಟ್ರೆ ಅಲ್ಲೇ ಹಳೇದಾಗುತ್ತೆ. ಅದನ್ನ ಹಗಲು ಹೊತ್ತಲ್ಲಿ ನೀವು ಕೂರೋ ಕುರ್ಚಿ ಪಕ್ಕ ಇಡಿ, ಇಲ್ಲಾ ಪ್ರಯಾಣದ ಬ್ಯಾಗಿಗೆ ಹಾಕಿ. ತುಂಬಾ ದಪ್ಪ ರಟ್ಟಿನ ಪುಸ್ತಕಗಳೂ ಅಷ್ಟೇ, 800 ಪುಟದ್ದು ಕೆಲವು ಸಲ ಒಂದು ಕೆಜಿ ಮೇಲೇ ತೂಗುತ್ತೆ, ಒರಗಿಕೊಂಡು ಎತ್ತಿ ಹಿಡಿದ್ರೆ ಹತ್ತು ನಿಮಿಷಕ್ಕೆ ಮಣಿಕಟ್ಟು ನೋಯುತ್ತೆ, ಆಮೇಲೆ ನಾವು ಪುಸ್ತಕ ಬೋರು ಅಂತ ತೀರ್ಮಾನ ಮಾಡ್ಬಿಡ್ತೀವಿ, ಪಾಪ ಅದರದ್ದೇನೂ ತಪ್ಪಿರಲ್ಲ.

ರಾತ್ರಿಗೆ ಹೊಂದೋದು ಸಣ್ಣ ಸಣ್ಣ ಅಧ್ಯಾಯದ ಕಾದಂಬರಿ, ಕಥಾ ಸಂಕಲನ, ಲಲಿತ ಪ್ರಬಂಧ, ಪ್ರವಾಸ ಕಥನ, ದಿನಚರಿ, ಪತ್ರಗಳ ಸಂಗ್ರಹ, ಕವನ ಸಂಕಲನ. ಹಿಂದೆ ಒಮ್ಮೆ ಓದಿ ಇಷ್ಟಪಟ್ಟಿದ್ದ ಪುಸ್ತಕ ಅಂತೂ ರಾತ್ರಿಗೆ ಬಹಳ ಒಳ್ಳೇದು, ಮುಂದೆ ಏನಾಗುತ್ತೆ ಅನ್ನೋ ಆತುರ ಇರಲ್ಲ, ಭಾಷೆ ಸವೀತಾ ಹೋಗಬಹುದು. ಪತ್ತೇದಾರಿ, ಥ್ರಿಲ್ಲರ್ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಅವು ರಾತ್ರಿ ಸಲೀಸಾಗಿ ಓದಿಸ್ಕೊಂಡು ಹೋಗ್ತವೆ ನಿಜ, ಆದ್ರೆ ನಿದ್ದೇನೂ ತಗೊಂಡು ಹೋಗ್ತವೆ, ಮಾರನೇ ರಾತ್ರಿ ಆ ಸುಸ್ತಿಗೆ ಪುಸ್ತಕ ಮುಟ್ಟೋಕೇ ಆಗಲ್ಲ. ಅವನ್ನ ರಜೆ ದಿನದ ಮಧ್ಯಾಹ್ನಕ್ಕೆ ಇಟ್ಕೊಳ್ಳಿ.

ಟೇಬಲ್ ಮೇಲೆ ಮೂರೇ

ರಾತ್ರಿಯ ಗುಂಪಲ್ಲಿ ಹತ್ತು ಪುಸ್ತಕ ಇದ್ರೂ ಟೇಬಲ್‌ಗೆ ವಾಪಸ್ ಹೋಗೋದು ಮೂರೇ. ಒಂದು ಈಗ ಓದ್ತಾ ಇರೋದು. ಇನ್ನೊಂದು ಅದು ಮುಗಿದ ಮೇಲೆ ಓದೋದು. ಮೂರನೇದು ತೀರಾ ಸುಸ್ತಾದ ದಿನಕ್ಕೆ, ಎರಡೇ ಪುಟ ಓದಿ ಮುಚ್ಚಿದ್ರೂ ಪೂರ್ತಿ ಏನೋ ಓದಿದ ಹಾಗೆ ಅನ್ಸೋ ಅಂಥದ್ದು, ಕವನಾನೋ ಪುಟ್ಟ ಪ್ರಬಂಧಗಳ ಪುಸ್ತಕಾನೋ. ಒಂದೇ ಇಟ್ಕೊಂಡ್ರೆ ಆ ದಿನ ಮನಸ್ಸು ಅದರ ಕಡೆ ಹೋಗ್ದಿದ್ರೆ ಕೈ ಫೋನ್ ಕಡೆ ಹೋಗುತ್ತೆ. ಐದಾರು ಇಟ್ಕೊಂಡ್ರೆ ಯಾವುದು ಓದಲಿ ಅಂತ ಯೋಚಿಸೋದ್ರಲ್ಲೇ ಎಚ್ಚರದ ಹತ್ತು ನಿಮಿಷ ಕಳೆದುಹೋಗುತ್ತೆ.

ಉಳಿದಿದ್ದೆಲ್ಲ ಶೆಲ್ಫಿಗೆ. ಇಲ್ಲಿ ಬಹಳ ಜನಕ್ಕೆ ಮನಸ್ಸು ಒಪ್ಪಲ್ಲ, ಶೆಲ್ಫಿಗೆ ಹೋದ್ರೆ ಮರೆತೇ ಹೋಗುತ್ತೆ ಅಂತಾರೆ. ಗ್ರಂಥಾಲಯ ವಿಜ್ಞಾನಕ್ಕೆ ದೊಡ್ಡ ಹೆಸರಾದ ಎಸ್. ಆರ್. ರಂಗನಾಥನ್ 1931ರಲ್ಲಿ ಐದು ಸೂತ್ರ ಬರೆದ್ರು, ಅದರಲ್ಲಿ ಎರಡನೇದು ಪ್ರತಿ ಓದುಗನಿಗೂ ಅವನ ಪುಸ್ತಕ ಅನ್ನೋದು, ಮೂರನೇದು ಪ್ರತಿ ಪುಸ್ತಕಕ್ಕೂ ಅದರ ಓದುಗ ಅನ್ನೋದು. ನಿಮ್ಮ ಶೆಲ್ಫಿನ ವಿಷಯದಲ್ಲಿ ಆ ಓದುಗ ಇನ್ನು ಎರಡು ವರ್ಷ ಆದ್ಮೇಲಿನ ನೀವೇ ಆಗಿರಬಹುದು. ಕಣ್ಣಿಗೆ ಕಾಣೋ ಹಾಗೆ, ಬೆನ್ನು ಹೊರಗಿರೋ ಹಾಗೆ ನಿಲ್ಲಿಸಿ ಇಟ್ರೆ ಸಾಕು, ಸಮಯ ಬಂದಾಗ ಅದರ ಹೆಸರು ಕಣ್ಣಿಗೆ ಬಿದ್ದೇ ಬೀಳುತ್ತೆ. ಡಬ್ಬಕ್ಕೆ ತುಂಬಿ ಅಟ್ಟಕ್ಕೆ ಹಾಕಿದ್ರೆ ಮಾತ್ರ ಮರೆತಂಗೇ.

ನಿಮ್ಮ ಓದಿನ ವೇಗ ತಿಳ್ಕೊಳ್ಳಿ

ಓದಿನ ವೇಗದ ಬಗ್ಗೆ ನಡೆದ ಹಲವಾರು ಅಧ್ಯಯನಗಳನ್ನ ಒಟ್ಟಿಗೆ ಸೇರಿಸಿ 2019ರಲ್ಲಿ ಲೆಕ್ಕ ಹಾಕಿದ ಒಂದು ಸಂಶೋಧನೆ ಪ್ರಕಾರ ಇಂಗ್ಲಿಷ್‌ನಲ್ಲಿ ದೊಡ್ಡವರು ಮನಸ್ಸಲ್ಲೇ ಓದೋ ಸರಾಸರಿ ವೇಗ ಕಥೆಯಲ್ಲದ ಬರಹಕ್ಕೆ ನಿಮಿಷಕ್ಕೆ 238 ಪದ, ಕಥೆ ಕಾದಂಬರಿಗೆ 260. ಕನ್ನಡಕ್ಕೆ ಈ ಸಂಖ್ಯೆ ಹಾಗೇ ಹೊಂದಲ್ಲ, ನಮ್ಮಲ್ಲಿ ವಿಭಕ್ತಿ ಪ್ರತ್ಯಯ ಎಲ್ಲ ಪದಕ್ಕೇ ಅಂಟಿಕೊಳ್ಳುತ್ತೆ, ಒಂದೊಂದು ಪದಾನೂ ಉದ್ದ. ಅದಕ್ಕೆ ನಿಮ್ಮ ಲೆಕ್ಕ ನೀವೇ ಮಾಡ್ಕೊಳ್ಳಿ. ಈಗ ಓದ್ತಾ ಇರೋ ಪುಸ್ತಕ ಹಿಡ್ಕೊಂಡು ರಾತ್ರಿ ಮಾಮೂಲಿ ಓದೋ ಹೊತ್ತಲ್ಲೇ ಹತ್ತು ನಿಮಿಷದ ಟೈಮರ್ ಇಡಿ, ಬೇಕು ಅಂತ ಓಡಿಸ್ಬೇಡಿ, ಆರಾಮಾಗಿ ಓದಿ, ಎಷ್ಟು ಪುಟ ಆಯ್ತು ನೋಡಿ.

ಆರು ಪುಟ ಆಯ್ತು ಅಂದ್ಕೊಳ್ಳಿ. ಇಪ್ಪತ್ತು ನಿಮಿಷಕ್ಕೆ 12 ಪುಟ. 300 ಪುಟದ ಕಾದಂಬರಿ 25 ರಾತ್ರಿಗೆ ಮುಗಿಯುತ್ತೆ. ವರ್ಷ ಪೂರ್ತಿ ಒಂದು ರಾತ್ರೀನೂ ತಪ್ಪದೆ ಓದಿದ್ರೆ 4380 ಪುಟ, ಅಂದ್ರೆ ಅಂಥ 14 ಪುಸ್ತಕ. ಮೂರು ರಾತ್ರಿಗೆ ಒಂದು ತಪ್ಪಿತು ಅಂತಿಟ್ಕೊಂಡ್ರೂ ಒಂಬತ್ತು ಪುಸ್ತಕಕ್ಕೆ ಮೋಸ ಇಲ್ಲ. ಈ ಲೆಕ್ಕ ಒಂದು ಕಡೆ ಧೈರ್ಯ ಕೊಡುತ್ತೆ, ದಿನಾ ಇಪ್ಪತ್ತೇ ನಿಮಿಷಕ್ಕೆ ಇಷ್ಟಾಗುತ್ತಾ ಅಂತ. ಇನ್ನೊಂದು ಕಡೆ ಮಂಚದ ಮೇಲೆ ಹರಡಿರೋ ಮೂವತ್ತು ಪುಸ್ತಕ ಮೂರು ವರ್ಷದ ಕೆಲಸ ಅನ್ನೋ ಸತ್ಯಾನೂ ಮುಂದಿಡುತ್ತೆ. ಮೂರು ವರ್ಷದ ಕೆಲಸಾನ ಈ ತಿಂಗಳು ಮುಗಿಸಿಲ್ಲ ಅಂತ ಯಾರಾದ್ರೂ ಬೇಜಾರು ಮಾಡ್ಕೋಬೇಕಾ ಹೇಳಿ.

ಓದೋ ಹೊತ್ತನ್ನ ಒಂದು ಕೆಲಸಕ್ಕೆ ಗಂಟು ಹಾಕಿ

"ಇನ್ಮೇಲೆ ದಿನಾ ಓದ್ತೀನಿ" ಅನ್ನೋ ಸಂಕಲ್ಪ ನಿಲ್ಲಲ್ಲ. "ಹಲ್ಲುಜ್ಜಿ ಬಂದು ದಿಂಬಿಗೆ ಒರಗಿದ ತಕ್ಷಣ ಪುಸ್ತಕ ತಗೋತೀನಿ" ಅನ್ನೋದು ನಿಲ್ಲುತ್ತೆ. ಇಂಥದ್ದಾದ ಮೇಲೆ ಇಂಥದ್ದು ಮಾಡ್ತೀನಿ ಅಂತ ಗಟ್ಟಿಯಾಗಿ ಗೊತ್ತು ಮಾಡ್ಕೊಂಡವರು ಬರೀ ಆಸೆ ಇಟ್ಕೊಂಡವರಿಗಿಂತ ಹೆಚ್ಚಾಗಿ ಅದನ್ನ ಮಾಡ್ತಾರೆ ಅನ್ನೋದನ್ನ ಮನಶ್ಶಾಸ್ತ್ರಜ್ಞ ಪೀಟರ್ ಗಾಲ್‌ವಿಟ್ಸರ್ 1990ರ ದಶಕದಿಂದ ತೋರಿಸ್ತಾ ಬಂದಿದಾರೆ. ಅಭ್ಯಾಸ ಆಗೋಕೆ 21 ದಿನ ಸಾಕು ಅಂತ ಎಲ್ಲ ಕಡೆ ಹೇಳ್ತಾರೆ, ಅದನ್ನ ನಂಬ್ಕೊಂಡು ಇಪ್ಪತ್ತೆರಡನೇ ದಿನ ನಿರಾಸೆ ಆಗ್ಬೇಡಿ. ಲಂಡನ್‌ನಲ್ಲಿ ಹೊಸ ಅಭ್ಯಾಸ ಮಾಡ್ಕೊಳ್ಳೋರ ಮೇಲೆ ಮಾಡಿ 2010ರಲ್ಲಿ ಅಚ್ಚಾದ ಅಧ್ಯಯನದಲ್ಲಿ ಅದು ತಾನಾಗೇ ನಡೆಯೋ ಹಾಗಾಗೋಕೆ ಸರಾಸರಿ 66 ದಿನ ಹಿಡೀತು, ಕೆಲವರಿಗೆ 18 ದಿನ, ಕೆಲವರಿಗೆ 254 ದಿನದ ಅಂದಾಜು. ನಮಗೆ ಸಮಾಧಾನ ಕೊಡೋ ಇನ್ನೊಂದು ವಿಷಯ ಅಲ್ಲೇ ಇದೆ, ಮಧ್ಯೆ ಒಂದು ದಿನ ತಪ್ಪಿದ್ರೆ ಏನೂ ಹಾಳಾಗಲಿಲ್ಲ. ಹಾಗಾಗಿ ನಿನ್ನೆ ತಪ್ಪಿತಲ್ಲಾ ಅಂತ ಇವತ್ತು ಎರಡರಷ್ಟು ಓದೋಕೆ ಹೋಗ್ಬೇಡಿ, ಇವತ್ತಿನ ಪಾಲು ಇವತ್ತು ಓದಿ.

ಫೋನ್ ಬಗ್ಗೆ ಎಷ್ಟು ಹೇಳಿದ್ರೂ ಕಡಿಮೆ. ಪುಸ್ತಕ ಮತ್ತು ಫೋನ್ ಒಂದೇ ಟೇಬಲ್ ಮೇಲಿದ್ರೆ ಪುಸ್ತಕ ಸೋಲುತ್ತೆ, ನಮ್ಮ ಮನೋಬಲ ಎಷ್ಟೇ ಇರಲಿ. ಚಾರ್ಜರ್‌ನ ಕೈಗೆ ಎಟುಕದ ಗೋಡೆಗೆ ಹಾಕಿ, ಸಾಧ್ಯ ಆದ್ರೆ ಬೇರೆ ರೂಮಲ್ಲೇ ಹಾಕಿ. ಅಲಾರಂ ಬೇಕು ಅನ್ನೋದೇ ಅಡ್ಡಿ ಆದ್ರೆ ಒಂದು ಸಾದಾ ಅಲಾರಂ ಗಡಿಯಾರ ತಗೊಳ್ಳಿ. ಇ-ಬುಕ್ ಓದೋರು ಒಂದು ವಿಷಯ ಗಮನಿಸಿ. ಮಲಗೋ ಮುಂಚೆ ಬೆಳಕು ಚೆಲ್ಲೋ ಟ್ಯಾಬ್ಲೆಟ್‌ನಲ್ಲಿ ಓದಿದಾಗಿನ ನಿದ್ದೇನೂ ಅಚ್ಚಾದ ಪುಸ್ತಕ ಓದಿದಾಗಿನ ನಿದ್ದೇನೂ ಹೋಲಿಸಿದ ಒಂದು ಸಣ್ಣ ಪ್ರಯೋಗ ಅಮೆರಿಕದಲ್ಲಿ ನಡೀತು, ಫಲಿತಾಂಶ 2014ರ ಕೊನೇಲಿ ಬಂತು. ಟ್ಯಾಬ್ಲೆಟ್‌ನಲ್ಲಿ ಓದಿದಾಗ ನಿದ್ದೆ ಹತ್ತೋಕೆ ಸುಮಾರು ಹತ್ತು ನಿಮಿಷ ಹೆಚ್ಚು ಹಿಡೀತು, ಬೆಳಿಗ್ಗೆ ಎದ್ದ ಮೇಲೆ ಮಂಪರೂ ಜಾಸ್ತಿ. ಹನ್ನೆರಡೇ ಜನರ ಮೇಲೆ, ಪೂರ್ತಿ ಬ್ರೈಟ್‌ನೆಸ್ ಇಟ್ಟು, ರಾತ್ರಿಗೆ ನಾಲ್ಕು ಗಂಟೆ ಓದಿಸಿದ ಪ್ರಯೋಗ ಅದು, ಇಪ್ಪತ್ತು ನಿಮಿಷ ಓದೋರಿಗೆ ಅಷ್ಟೇ ಆಗುತ್ತೆ ಅಂತಲ್ಲ. ಆದ್ರೂ ಬ್ರೈಟ್‌ನೆಸ್ ತಗ್ಗಿಸಿ ಓದಿ, ಆಗೋದಾದ್ರೆ ಕಾಗದದ ಹಾಗೆ ಕಾಣೋ ಇ-ಇಂಕ್ ಪರದೆ ಇರೋ ರೀಡರ್ ಬಳಸಿ.

ದೀಪ ಮತ್ತು ದಿಂಬು

ಹೆಚ್ಚಿನವರು ಇದನ್ನ ಲೆಕ್ಕಕ್ಕೇ ತಗೊಳ್ಳಲ್ಲ. ತಲೆ ಮೇಲಿನ ಟ್ಯೂಬ್‌ಲೈಟ್‌ನಲ್ಲಿ ಮಲಗಿ ಓದಿದ್ರೆ ಬೆಳಕು ಕಣ್ಣಿಗೆ ಬೀಳುತ್ತೆ, ಪುಟದ ಮೇಲೆ ಪುಸ್ತಕದ್ದೇ ನೆರಳು ಬೀಳುತ್ತೆ. ಓದೋ ದೀಪ ಭುಜದ ಹಿಂದಿನಿಂದ, ಸ್ವಲ್ಪ ಪಕ್ಕದಿಂದ ಬರಬೇಕು, ಒರಗಿಕೊಂಡಾಗ ಬಲ್ಬು ನೇರವಾಗಿ ಕಣ್ಣಿಗೆ ಕಾಣಬಾರದು. ಬಲ್ಬಿನ ಡಬ್ಬದ ಮೇಲೆ 2700 ಇಲ್ಲಾ 3000 ಕೆಲ್ವಿನ್ ಅಂತ ಬರೆದಿರೋದು ಹಳದಿ ಬೆಳಕಿನದ್ದು, ರಾತ್ರಿಗೆ ಅದೇ ಹಿತ. 6500 ಅಂತಿರೋ ಬಿಳಿ ಬಲ್ಬು ಹಗಲಿನ ಮೇಜಿಗೆ ಸರಿ. ಪಕ್ಕದಲ್ಲಿ ಮಲಗಿರೋರಿಗೆ ತೊಂದರೆ ಆಗುತ್ತೆ ಅಂದ್ರೆ ಪುಸ್ತಕಕ್ಕೇ ಸಿಕ್ಕಿಸೋ ಪುಟ್ಟ ಕ್ಲಿಪ್ ಲೈಟ್ ಸಿಗುತ್ತೆ.

ಪೂರ್ತಿ ಅಂಗಾತ ಮಲಗಿ ಓದೋದು ಕಷ್ಟ, ಬೆನ್ನಿಗೊಂದು ದಿಂಬು ಕೊಟ್ಟು ಅರ್ಧ ಎದ್ದು ಕೂತ್ಕೊಳ್ಳಿ, ಇನ್ನೊಂದು ದಿಂಬು ತೊಡೆ ಮೇಲಿಟ್ಟು ಪುಸ್ತಕಾನ ಅದಕ್ಕೆ ಆನಿಸಿ. ಕೈಗೆ ಭಾರ ಬೀಳಲ್ಲ, ಕುತ್ತಿಗೆನೂ ಬಗ್ಗಲ್ಲ.

ನಿಲ್ಲಿಸೋದು ಯಾವಾಗ, ಮತ್ತೆ ಶುರು ಮಾಡೋದು ಹೇಗೆ

ಒಂದೇ ಸಾಲನ್ನ ಮೂರನೇ ಸಲ ಓದ್ತಾ ಇದೀರಿ ಅಂದ್ರೆ ಆ ರಾತ್ರಿಯ ಓದು ಮುಗೀತು. ಅಧ್ಯಾಯ ಮುಗಿಸ್ಲೇಬೇಕು ಅಂತ ಹಟ ಬೇಡ, ಆ ಸ್ಥಿತೀಲಿ ಓದಿದ ನಾಲ್ಕು ಪುಟ ನಾಳೆಗೆ ನೆನಪಿರಲ್ಲ, ಮತ್ತೆ ಓದಬೇಕಾಗುತ್ತೆ.

ನಾನು ಎಲ್ಲರಿಗೂ ಒತ್ತಿ ಹೇಳೋ ಒಂದು ಉಪಾಯ ಇದೆ. ಬುಕ್‌ಮಾರ್ಕ್ ಬದಲು ಅಂಗೈ ಅಗಲದ ಒಂದು ಗಟ್ಟಿ ಚೀಟಿ ಇಟ್ಕೊಳ್ಳಿ, ಅಂಚೆ ಕಾರ್ಡಿನ ಅರ್ಧ ಇದ್ರೆ ಸಾಕು, ಜೊತೆಗೊಂದು ಪೆನ್ಸಿಲ್. ಪುಸ್ತಕ ಮುಚ್ಚೋ ಮುಂಚೆ ಒಂದೇ ಸಾಲು ಬರೀರಿ. ಕಾದಂಬರಿ ಆದ್ರೆ "ಅಣ್ಣ ಪತ್ರ ಓದಿದ, ಅಮ್ಮನಿಗೆ ಹೇಳಿಲ್ಲ" ಅಂತ ಅಷ್ಟೇ. ಹೊಸ ಪಾತ್ರ ಬಂದ್ರೆ ಹೆಸರು, ಯಾರಿಗೆ ಏನಾಗಬೇಕು ಅಂತ ಚೀಟಿಯ ಹಿಂದೆ ಬರೀರಿ, ದೊಡ್ಡ ಸಂಸಾರದ ಕಾದಂಬರಿಗಳಲ್ಲಿ ಇದು ಜೀವ ಉಳಿಸುತ್ತೆ, ಆ ಭಾವ ಯಾರು, ಈ ಸೋದರತ್ತೆ ಯಾರ ಕಡೆಯವರು ಅಂತ ಹಿಂದಿನ ಪುಟ ಹುಡುಕೋದು ತಪ್ಪುತ್ತೆ. ವಿಚಾರದ ಪುಸ್ತಕ ಆದ್ರೆ ಲೇಖಕರು ಈಗ ಯಾವ ಪ್ರಶ್ನೆಗೆ ಉತ್ತರ ಹುಡುಕ್ತಿದಾರೆ ಅಂತ ಬರೀರಿ. ಮರೆವಿನ ಬಗ್ಗೆ ಮೊದಲ ಸಲ ಅಳತೆ ಮಾಡಿ ನೋಡಿದ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ಹೇಳಿದ್ರು, ಕಲಿತದ್ದು ಅತಿ ಹೆಚ್ಚು ಸೋರಿಹೋಗೋದು ಮೊದಲ ಕೆಲವು ಗಂಟೆಗಳಲ್ಲೇ, ಆಮೇಲೆ ನಿಧಾನ ಆಗುತ್ತೆ ಅಂತ. ಹಾಗಾಗಿ ಮಾರನೇ ರಾತ್ರಿ ಚೀಟಿ ಓದಿ, ಹಿಂದಿನ ಅರ್ಧ ಪುಟ ಮತ್ತೆ ಓದಿ ಮುಂದೆ ಹೋಗಿ. ಎರಡು ವಾರ ಬಿಟ್ಟುಹೋದ ಪುಸ್ತಕಾನೂ ಈ ಚೀಟಿ ಇದ್ರೆ ಮೊದಲಿಂದ ಶುರು ಮಾಡಬೇಕಾಗಲ್ಲ. ಅರ್ಧಕ್ಕೆ ನಿಂತ ಪುಸ್ತಕಗಳಲ್ಲಿ ಬಹುಪಾಲು ನಿಂತಿರೋದೇ ಕಥೆ ಎಲ್ಲಿತ್ತು ಅನ್ನೋದು ಮರೆತಿದ್ದಕ್ಕೆ ಅಂತ ನನ್ನ ನಂಬಿಕೆ.

ಬಿಡಬೇಕಾದ ಪುಸ್ತಕ ಬಿಡಿ

ಇಷ್ಟು ಓದಿಬಿಟ್ಟಿದೀನಿ, ದುಡ್ಡೂ ಕೊಟ್ಟಿದೀನಿ, ಮುಗಿಸ್ಲೇಬೇಕು ಅನ್ಸೋದು ಸಹಜ. ಆದ್ರೆ ಹೋದ ದುಡ್ಡು, ಹೋದ ಹೊತ್ತು ಎರಡೂ ಪುಸ್ತಕ ಮುಗಿಸಿದ್ರೂ ವಾಪಸ್ ಬರಲ್ಲ, ಇನ್ನೂ ಹತ್ತು ರಾತ್ರಿ ಸೇರಿ ಹೋಗುತ್ತೆ ಅಷ್ಟೇ. ಅಮೆರಿಕದ ಗ್ರಂಥಪಾಲಕಿ ನ್ಯಾನ್ಸಿ ಪರ್ಲ್ ಹೇಳೋ ನಿಯಮ ನನಗೆ ಬಹಳ ಹಿಡಿಸಿದೆ. ಐವತ್ತು ವರ್ಷದ ಒಳಗಿನವರು ಪುಸ್ತಕಕ್ಕೆ 50 ಪುಟದ ಅವಕಾಶ ಕೊಡಿ, ಐವತ್ತು ದಾಟಿದವರು ನೂರರಿಂದ ತಮ್ಮ ವಯಸ್ಸು ಕಳೆದು ಎಷ್ಟು ಉಳಿಯುತ್ತೋ ಅಷ್ಟು ಪುಟ ಕೊಡಿ. ಎಪ್ಪತ್ತರವರಿಗೆ ಮೂವತ್ತೇ ಪುಟ ಸಾಕು, ಅವರ ಸಮಯಕ್ಕೆ ಬೆಲೆ ಹೆಚ್ಚು.

ಬಿಡೋ ಮುಂಚೆ ಒಂದು ಪ್ರಯತ್ನ ಮಾಡಿ ನೋಡಬಹುದು. ಪ್ರಬಂಧ, ಕಥೆ, ಕವನ ಆದ್ರೆ ಪರಿವಿಡಿ ನೋಡಿ ಮನಸ್ಸಿಗೆ ಬಂದ ಶೀರ್ಷಿಕೆಯಿಂದ ಶುರು ಮಾಡಿ, ಯಾರೂ ಬೇಡ ಅನ್ನಲ್ಲ. ಕಾದಂಬರಿಗೆ ಇದು ನಡೆಯಲ್ಲ, ಅಲ್ಲಿ ಮೊದಲ ಹತ್ತು ಪುಟ ಗಟ್ಟಿಯಾಗಿ ಬಾಯಿಬಿಟ್ಟು ಓದಿ ನೋಡಿ, ಕಣ್ಣಲ್ಲಿ ಓದಿದಾಗ ಸಿಗದ ಲಯ ಕಿವಿಗೆ ಸಿಗುತ್ತೆ ಎಷ್ಟೋ ಸಲ, ಆಡುಮಾತಿನ ಬರಹಕ್ಕಂತೂ ಖಂಡಿತ. ಆಮೇಲೂ ಆಗ್ಲಿಲ್ಲ ಅಂದ್ರೆ ಈಗ ಬೇಡವಾ, ಯಾವತ್ತೂ ಬೇಡವಾ ಅಂತ ಕೇಳ್ಕೊಳ್ಳಿ. ಈಗ ಬೇಡ ಅನ್ನೋದು ಚೀಟಿ ಸಮೇತ ಶೆಲ್ಫಿಗೆ ಹೋಗಲಿ, ಯಾಕೆ ನಿಲ್ಲಿಸಿದೆ ಅಂತ ಅದರಲ್ಲೇ ಒಂದು ಸಾಲು ಬರೆದಿಡಿ. ಯಾವತ್ತೂ ಬೇಡ ಅನ್ನೋದನ್ನ ಓದೋ ಮನಸ್ಸಿರೋ ಯಾರಿಗಾದ್ರೂ ಕೊಟ್ಬಿಡಿ, ನಿಮಗೆ ಒಗ್ಗದ ಪುಸ್ತಕ ಅವರಿಗೆ ತುಂಬಾ ಬೇಕಾದ್ದಾಗಿರಬಹುದು.

ಹೊಸದು ಬರೋ ದಾರಿ

ಹೊಸ ಪುಸ್ತಕ ತಗೊಳ್ಳಲೇಬೇಡಿ ಅಂತ ನಾನು ಹೇಳಲ್ಲ, ಆ ಖುಷೀನ ಕಿತ್ಕೊಳ್ಳೋದು ಬೇಡ. ಮನೆಗೆ ಬಂದಿದ್ದು ನೇರ ಮಂಚದ ಪಕ್ಕ ಹೋಗದಿದ್ರೆ ಸಾಕು, ಮೊದಲು ಶೆಲ್ಫು, ಅಲ್ಲಿಂದ ಸರದಿ ಬಂದಾಗ ಟೇಬಲ್. ಯಾರೋ ಹೇಳಿದ್ರು, ಎಲ್ಲೋ ಓದಿದೆ ಅಂತ ಆಸೆ ಆದ ಪುಸ್ತಕಗಳ ಹೆಸರನ್ನ ಒಂದು ನೋಟ್‌ಬುಕ್ಕಲ್ಲಿ ಬರೆದಿಟ್ಕೊಳ್ಳಿ, ಪಕ್ಕದಲ್ಲಿ ಯಾಕೆ ಬೇಕು ಅನ್ನಿಸ್ತು ಅಂತಾನೂ. ಒಂದು ತಿಂಗಳಾದ ಮೇಲೂ ಆ ಕಾರಣ ಓದಿದಾಗ ಆಸೆ ಹಾಗೇ ಇದ್ರೆ ತಗೊಳ್ಳಿ.

ಕಾಯ್ತಾ ಇರೋ ಪುಸ್ತಕ ಹಾಳಾಗದ ಹಾಗೆ

ನೀರಿನ ಲೋಟ ಪುಸ್ತಕದ ಮೇಲೆ ಇಡ್ಬೇಡಿ, ಬಾಟಲಿ ಆದ್ರೆ ಮುಚ್ಚಳ ಬಿಗಿಯಾಗಿರಲಿ. ತೆರೆದ ಪುಟ ಕೆಳಮುಖ ಮಾಡಿ ಬೋರಲು ಹಾಕಿದ್ರೆ ಬೈಂಡಿಂಗ್ ಬಿಡುತ್ತೆ. ಕಿಟಕಿಯ ಬಿಸಿಲು ನೇರ ಬೀಳೋ ಜಾಗ ಬೇಡ, ಅಗ್ಗದ ಕಾಗದದಲ್ಲಿರೋ ಲಿಗ್ನಿನ್ ಅನ್ನೋ ಮರದ ಅಂಶ ಬೆಳಕಿಗೂ ಗಾಳಿಗೂ ಹಳದಿಯಾಗುತ್ತೆ. ಗೋಡೆಗೆ ಒತ್ತಿಕೊಂಡಂಗೆ ಇಟ್ರೆ ಮಳೆಗಾಲದಲ್ಲಿ ತೇವ ಹಿಡಿದು ಬೂಷ್ಟು ಬರುತ್ತೆ, ಎರಡು ಬೆರಳು ಜಾಗ ಬಿಡಿ. ಪುಟದ ಅಂಚು ಕೆರೆದ ಹಾಗೆ, ಅಲ್ಲಲ್ಲಿ ತೆಳ್ಳಗಾದ ಹಾಗೆ ಕಂಡ್ರೆ ಸಿಲ್ವರ್‌ಫಿಶ್ ಅನ್ನೋ ಬೆಳ್ಳಿ ಬಣ್ಣದ ಸಣ್ಣ ಹುಳದ ಕೆಲಸ ಅದು, ಕಾಗದದ ಗಂಜಿ, ಬೈಂಡಿಂಗ್ ಅಂಟು ಅದಕ್ಕೆ ಆಹಾರ, ಕತ್ತಲು ಮತ್ತು ತೇವ ಇದ್ದಲ್ಲೇ ಇರುತ್ತೆ. ಆಗಾಗ ಪುಸ್ತಕ ಎತ್ತಿ ಪುಟ ಸರ್ರನೆ ತಿರುಗಿಸಿ ಗಾಳಿ ಆಡಿಸಿದ್ರೆ ಅದು ನೆಲೆ ಊರಲ್ಲ.

ಒಂದು ಪುಸ್ತಕ ಮುಗಿದ ರಾತ್ರಿ ಹೊಸದನ್ನ ಹುಡುಕೋಕೆ ಹೋಗ್ಬೇಡಿ, ಎರಡನೇದು ಅಲ್ಲೇ ಇದೆಯಲ್ಲ, ಅದರ ಮೊದಲ ಪುಟ ಮಾತ್ರ ಓದಿ ಮಲಗಿ. ಖಾಲಿಯಾದ ಜಾಗಕ್ಕೆ ಶೆಲ್ಫಿನಿಂದ ಯಾವುದು ಬರಬೇಕು ಅನ್ನೋದನ್ನ ಮಾರನೇ ದಿನ ಹಗಲಲ್ಲಿ ನೋಡಿ, ಮಧ್ಯದ ಒಂದು ಪುಟ ಓದಿ, ದಣಿದಾಗಲೂ ಓದಬಲ್ಲೆ ಅನ್ಸಿದ್ರೆ ಹೊಸ ಚೀಟಿ ಒಂದನ್ನ ಒಳಗಿಟ್ಟು ಟೇಬಲ್‌ಗೆ ತನ್ನಿ.